ಆಫ್‌ರೋಡ್ ಗಾಡಿ ಮ್ಯಾಲ ಜಿಪಿಎಸ್ ಆಂಟೆನಾ ಎಲ್ಲೆ ಕೂಡಸ್ಬೇಕು, ಹೆಂಗ ಕೂಡಸ್ಬೇಕು

ಎರಡ ವರ್ಷದ ಹಿಂದ ಮಳಿಗಾಲದಾಗ ಕಲಘಟಗಿ ಕಡೆ ಅಡವಿ ಅಂಚಿನ ಹೊಲದ ದಾರಿ ಹಿಡದು ಹೊಂಟಿದ್ವಿ, ಸ್ಟೀರಿಯೋ ಮ್ಯಾಪ್‌ನ್ಯಾಗ ನೋಡಿದ್ರ ನಮ್ಮ ಬೊಲೆರೊ ಕೆರಿ ನಡುವ ಈಜಾಡಾಕತ್ತಿತ್ತು. ಖರೇ ಅಂದ್ರ ಕೆರಿ ನಮ್ಮ ಎಡಕ್ಕ ನೂರು ಮೀಟರ್ ಆಚೆ ಇತ್ತು. ಹಿಂದ ಕುಂತಿದ್ದ ದೋಸ್ತ "ಲೇ, ಸ್ಟೇರಿಂಗ್ ಬಿಡು, ಹುಟ್ಟು ಹಾಕು" ಅಂತ ನಗಾಕತ್ತ. ಮರುದಿನ ಮನ್ಯಾಗ ಸ್ಟೀರಿಯೋ ಬಿಚ್ಚಿ ನೋಡ್ತೀನಿ, ಆಂಟೆನಾ, ಅದ ಬೆಂಕಿಪೊಟ್ಟಣದಷ್ಟ ಕರೇ ಡಬ್ಬಿ, ಡ್ಯಾಶ್‌ಬೋರ್ಡ್ ಒಳಗ ವೈರಿನ ಗಂಟಿಗೆ ಟೇಪ್ ಸುತ್ತಿಸ್ಕೊಂಡು ಬೋರಲ ಬಿದ್ದಿತ್ತು. ಮ್ಯಾಲ ಅಡ್ಡ ಕಬ್ಬಿಣದ ಪೈಪು, ಹಿಂದ ಸ್ಟೀರಿಯೋದ ತಗಡ, ಡಬ್ಬಿ ಅಡಿಯಾಗಿನ ಮ್ಯಾಗ್ನೆಟ್ ಮ್ಯಾಲಿನ ಪ್ಲಾಸ್ಟಿಕ್ ಕವರ್ ಸೈತ ತೆಗದಿರಲಿಲ್ಲ. ಹಚ್ಚಿಕೊಟ್ಟ ಅಂಗಡ್ಯಾವ್ರು ಹದಿನೈದ ನಿಮಿಷದಾಗ "ಆತ್ರಿ ಸರ, ರೆಡಿ" ಅಂದು ಚಾವಿ ಕೈಯಾಗ ಇಟ್ಟಿದ್ರು. ಅಷ್ಟ ಲಗೂನ ಹೆಂಗ ಆತು ಅನ್ನೋದು ಅವತ್ತ ತಿಳೀತು.

ಆಮ್ಯಾಲ ನಂದು, ನಮ್ಮ ಹುಡುಗರ ಥಾರು, ಜಿಪ್ಸಿ, ಮಾವನ ಟ್ರ್ಯಾಕ್ಟರು ಎಲ್ಲಾ ಸೇರಿ ಆರೇಳು ಗಾಡಿಗಿ ಕೂಡ್ಸಿ, ತೆಗದು, ಮತ್ತ ಕೂಡ್ಸಿ ಕಲ್ತಿದ್ದನ್ನ ಇಲ್ಲೆ ಬರ್ಯಾಕತ್ತೀನಿ.

ಆಂಟೆನಾಕ್ಕ ಏನ ಬೇಕು

ಎರಡ ವಸ್ತು ಬೇಕ್ರಿ. ನೆತ್ತಿ ಮ್ಯಾಲ ಪೂರಾ ಆಕಾಶ, ಅಡಿಯಾಗ ಚಪ್ಪಟಿ ತಗಡ. ಉಳಿದಿದ್ದೆಲ್ಲಾ ಇವೆರಡನ್ನ ಹೆಂಗ ಹೊಂದಸೋದು ಅನ್ನೋ ಗುದ್ದಾಟ.

ಜಿಪಿಎಸ್ ಉಪಗ್ರಹ ಸುಮಾರು 20,200 ಕಿಲೋಮೀಟರ್ ಎತ್ತರದಾಗ ತಿರಗತಾವ, ಅಲ್ಲಿಂದ 1575.42 ಮೆಗಾಹರ್ಟ್ಸ್‌ನ್ಯಾಗ ಬರೋ ಸಿಗ್ನಲ್ ನೆಲಕ್ಕ ಮುಟ್ಟೋದ್ರಾಗ ಎಷ್ಟ ಸಣ್ಣ ಆಗಿರ್ತೈತಿ ಅಂದ್ರ ರಿಸೀವರ್ ಒಳಗಿನ ಸ್ವಂತ ಗದ್ದಲಕ್ಕಿಂತ ಕೆಳಗ ಇರ್ತೈತಿ, ಆ ಗದ್ದಲದಾಗಿಂದ ಲೆಕ್ಕ ಹಾಕಿ ಹೆಕ್ಕಿ ತೆಗೀಬೇಕಾಗ್ತೈತಿ. ಅಂಥಾ ಸಿಗ್ನಲ್‌ಗೆ ಗಾಜು, ಪ್ಲಾಸ್ಟಿಕ್, ಒಣಗಿದ ತಾಡಪತ್ರಿ ಇದ್ರ ನಡೀತೈತಿ. ತಗಡ ಅಡ್ಡ ಬಂದ್ರ ಮುಗೀತು. ನೀರು, ಹಸಿ ಎಲಿ, ಹಸಿ ಮಣ್ಣು ಇವು ನಡುವಿನವು, ಪೂರಾ ತಡಿಯಂಗಿಲ್ಲ, ಆದ್ರ ಕುಡೀತಾವ.

ತಗಡ ಮ್ಯಾಲ ಬಂದ್ರ ವೈರಿ, ಕೆಳಗ ಇದ್ರ ದೋಸ್ತ. ಈ ಡಬ್ಬಿ ಒಡದು ನೋಡಿದ್ರ ಒಳಗ ಒಂದ ಇಂಚಿನ ಚೌಕ ಪಿಂಗಾಣಿ ಬಿಲ್ಲೆ ಇರ್ತೈತಿ, ಅದು ಅಡಿಯಾಗಿನ ತಗಡನ್ನ ಕನ್ನಡಿ ಹಂಗ ಬಳಸ್ಕೊಂಡು ಆಕಾಶದ ಕಡೆ ಕಿವಿ ಅಗಲ ಮಾಡ್ತೈತಿ, ನೆಲದಿಂದ ಪುಟದು ಬರೋ ಸುಳ್ಳು ಸಿಗ್ನಲ್‌ನ ತಡೀತೈತಿ. ಸಿಗ್ನಲ್‌ನ ತರಂಗದ ಉದ್ದ 19 ಸೆಂಟಿಮೀಟರ್, ಅಂದ್ರ ಹೆಚ್ಚುಕಡಿಮಿ ಒಂದ ಗೇಣು. ಅಡಿಯಾಗ ಅರ್ಧ ಗೇಣು ಚೌಕದ ತಗಡ, ಅಂದ್ರ 10 ಸೆಂಟಿಮೀಟರ್, ಸಿಕ್ರ ಸಾಕು. ಕಬ್ಬಿಣದ ಟಾಪ್ ಇದ್ದವ್ರಿಗೆ ಇದು ಪುಕ್ಕಟ ಸಿಕ್ತು.

ಈಗ ಕೆಲ್ಸ. ಮೊದಲ ಫ್ರಿಜ್ಜಿನ ಮ್ಯಾಗ್ನೆಟ್ ಒಂದ ತಗೊಂಡು ಗಾಡಿ ಹಂತ್ಯಾಕ ಹೋಗ್ರಿ

ಟಾಪ್ ಮ್ಯಾಲ ಹಚ್ಚಿ ನೋಡ್ರಿ, ಹಿಡದ್ರ ಕಬ್ಬಿಣ. ಹಿಡೀಲಿಲ್ಲಂದ್ರ ಫೈಬರ್ ಇರಬೇಕು ಇಲ್ಲಾ ಅಲ್ಯೂಮಿನಿಯಂ. ಇದು ಸಣ್ಣ ಮಾತಲ್ಲ, ನಮ್ಮ ಹುಡುಗನೊಬ್ಬ ತನ್ನ ಹಾರ್ಡ್‌ಟಾಪ್ ಕಬ್ಬಿಣದ್ದ ಅಂತ ತಿಳ್ಕೊಂಡು ಆಂಟೆನಾ ಸುಮ್ನ ಇಟ್ಟು ಗಾಡಿ ಬಿಟ್ಟ, ಬೈಪಾಸ್ ಮುಟ್ಟೂತನ ಅದು ವೈರಿಗಿ ಜೋತಾಡಿ ಹಿಂದಿನ ಗಾಜಿಗಿ ಟಕಟಕ ಬಡಿಯಾಕತ್ತಿತ್ತು.

ತಾಡಪತ್ರಿ ಟಾಪಿನ ಹಳೇ ಜೀಪು, ಜಿಪ್ಸಿ ಇದ್ರ ಟಾಪ್ ಬಿಟ್ಟ ಬಿಡ್ರಿ, ನಿಮ್ಮ ಜಾಗ ಬ್ಯಾರೆ, ಮುಂದ ಹೇಳ್ತೀನಿ.

ಎರಡನೇದು, ಜಾಗ ಆರಸೋದು

ಕಬ್ಬಿಣದ ಟಾಪ್ ಇದ್ದವ್ರಿಗೆ ನನ್ನ ಉತ್ತರ ಒಂದ: ಟಾಪಿನ ನಟ್ಟ ನಡುವಿನ ಗೆರಿ ಮ್ಯಾಲ, ಮುಂದಿನ ಗಾಜಿನ ಅಂಚಿನಿಂದ ಒಂದೂವರಿ ಎರಡ ಗೇಣು ಹಿಂದ. ಪೂರಾ ಅಂಚಿಗಿ ಹಚ್ಚಿದ್ರ ಅಡಿಯಾಗಿನ ತಗಡ ಒಂದ ಕಡೆ ಕಡಿಮಿ ಬೀಳ್ತೈತಿ, ಪೂರಾ ಹಿಂದ ಹೋದ್ರ ವೈರ್ ಸಾಲಂಗಿಲ್ಲ. ವೈರ್ ಸಾಮಾನ್ಯ 3 ಮೀಟರ್ ಇಲ್ಲಾ 5 ಮೀಟರ್ ಬರ್ತೈತಿ, 5 ಮೀಟರಿಂದ ತಗೋರಿ.

ಟಾಪ್ ಮ್ಯಾಲ ಎಲ್‌ಇಡಿ ಬಾರ್ ಐತಿ, ಕ್ಯಾರಿಯರ್ ಐತಿ ಅಂದ್ರ ಒಂದ ಲೆಕ್ಕ ಇಟ್ಕೋರಿ: ಅಡ್ಡ ಬರೋ ವಸ್ತು ಆಂಟೆನಾಕ್ಕಿಂತ ಎಷ್ಟ ಎತ್ತರ ಐತೋ ಅದರ ನಾಕ ಪಟ್ಟು ದೂರ ಇರ್ಲಿ. ಬಾರ್ 10 ಸೆಂಟಿಮೀಟರ್ ಎದ್ದಿದ್ರ 40 ಸೆಂಟಿಮೀಟರ್ ಹಿಂದ ಸರಸ್ರಿ. ಆಗ ಅದು ಮುಚ್ಚೋದು ದಿಗಂತದಿಂದ ಸುಮಾರು 14 ಡಿಗ್ರಿ ಅಷ್ಟ, ಅಷ್ಟ ತಳದಾಗಿನ ಉಪಗ್ರಹದ ಸಿಗ್ನಲ್ ಹೆಂಗೂ ಭರವಸೆದ್ದಲ್ಲ.

ಅರ್ಧ ಆಕಾಶ ಮುಚ್ಚಿದ್ರೂ ಎಂಟ ಉಪಗ್ರಹ ಸಿಗ್ತಾವಲ್ಲ, ನಾಕ ಸಾಕಲ್ಲ ಅಂತ ಭಾಳ ಮಂದಿ ಕೇಳ್ತಾರ. ನಾಕ ಸಾಕು, ಖರೇ. ಆದ್ರ ಯಾರದೋ ಮನಿ ಹುಡಕಾಕ ಹೊಂಟೀರಿ ಅಂತ ತಿಳ್ಕೋರಿ, ಕೇಳಿದ ಮೂರು ಮಂದಿನೂ ಹುಬ್ಬಳ್ಳಿ ದುರ್ಗದ ಬೈಲ್‌ನ್ಯಾಗ ನಿಂತು "ಇಲ್ಲಿಂದ ಎರಡ ಕಿಲೋಮೀಟರ್" ಅಂದ್ರ ಏನ ಉಪಯೋಗ? ಒಬ್ಬಾಂವ ದುರ್ಗದ ಬೈಲ್‌ನಿಂದ, ಒಬ್ಬಾಂವ ಕೇಶ್ವಾಪುರದಿಂದ, ಇನ್ನೊಬ್ಬಾಂವ ಗೋಕುಲ ರೋಡಿಂದ ಎಷ್ಟ ದೂರ ಅಂತ ಹೇಳಿದ್ರ ಮನಿ ಸಿಗ್ತೈತಿ. ಉಪಗ್ರಹದ್ದೂ ಹಂಗ, ನಾಕೂ ದಿಕ್ಕಿಗಿ ಹರಡಿರ್ಬೇಕು. ಎಲ್ಲಾ ಮುಂದಿನ ಗಾಜಿನ ಕಡಿಂದನ ಕಂಡ್ರ ಎಣಿಕಿ ಛಲೋ ಕಾಣ್ತೈತಿ, ಗಾಡಿ ಮಾತ್ರ ಕೆರ್ಯಾಗ ಇರ್ತೈತಿ.

ಉಳಿದ ಜಾಗಗಳ ಬಗ್ಗೆ ನಂದು ಹಿಂಗೈತಿ. ಬಾನೆಟ್ ಮ್ಯಾಲ ಬ್ಯಾಡ. ಇಂಜಿನ್ ಬಿಸಿ ಕಾರಣ ಅಲ್ಲ, ಈ ಡಬ್ಬಿಗಳು ಸಾಮಾನ್ಯ 85 ಡಿಗ್ರಿ ತಾಳತಾವ. ಕಾರಣ ಎರಿ ಮಣ್ಣು. ನವಲಗುಂದ, ನರಗುಂದ, ರೋಣದ ಕಡೆ ಹಸಿ ಹೊಲದಾಗ ಒಮ್ಮೆ ಗಾಡಿ ಇಳಿಸಿದವ್ರಿಗೆ ಬಿಡಿಸಿ ಹೇಳೋದ ಬೇಕಾಗಿಲ್ಲ, ಮುಂದಿನ ಟೈರು ಎತ್ತಿ ಒಗೆಯೋ ಮಣ್ಣು ಬಾನೆಟ್ ಮ್ಯಾಲ ರೊಟ್ಟಿ ಹಿಟ್ಟಿನಂಗ ಕೂಡತೈತಿ, ಅದರ ಕೆಳಗ ಆಂಟೆನಾ ಹೂತ ಹೋದ್ರ ಏನ ಕೇಳ್ತೈತಿ? ಮ್ಯಾಲಿಂದ ಹಿಂದಿನ ಅರ್ಧ ಆಕಾಶ ಗಾಡೀನ ಮುಚ್ಚಿರ್ತೈತಿ.

ಡ್ಯಾಶ್‌ಬೋರ್ಡ್ ಮ್ಯಾಲ, ಗಾಜಿನ ಬುಡಕ್ಕ ಇಟ್ರ ನಡೀತೈತಿ, ಊರಾಗ ಓಡಾಡಾಕ ಅದ ಸಾಕು, ನೀರಿನ ತ್ರಾಸಿಲ್ಲ, ಕಳವಿನ ಅಂಜಿಕಿಲ್ಲ. ಆದ್ರ ಕೆಲವು ಹೊಸ ಗಾಡಿಗಳ ಗಾಜಿನ್ಯಾಗ ಬಿಸಿಲು ತಡಿಯೋ ಲೋಹದ ಪದರ ಇರ್ತೈತಿ, ಮ್ಯಾಲ ಹಚ್ಚಿದ ಸನ್‌ಫಿಲ್ಮ್‌ನ್ಯಾಗೂ ಇರಬಹುದು, ಆಗ ಗಾಜೂ ತಗಡ ಇದ್ದಂಗ. ಕನ್ನಡಿ ಹಿಂದಿನ ಚುಕ್ಕಿ ಚುಕ್ಕಿ ಜಾಗ ಕೆಲವ್ರು ಇಂಥಾದ್ದಕ್ಕ ಅಂತನ ಖಾಲಿ ಬಿಟ್ಟಿರ್ತಾರ, ಅಲ್ಲೆ ಪರೀಕ್ಷೆ ಮಾಡಿ ನೋಡ್ರಿ.

ಕ್ಯಾರಿಯರ್ ಕೆಳಗ ಹಚ್ಚಿದ್ರ ಖಾಲಿ ಇದ್ದಾಗ ಎಲ್ಲಾ ಸರಿ ಕಾಣ್ತೈತಿ. ತ್ರಾಸು ಶುರು ಆಗೋದು ಮ್ಯಾಲ ನೀರಿನ ಕ್ಯಾನು, ಸ್ಟೆಪ್ನಿ, ಟೆಂಟು ಹೇರಿದ ದಿನ, ಅಂದ್ರ ನಿಮಗ ಜಿಪಿಎಸ್ ಖರೇ ಬೇಕಾದ ದಿನ. ಕ್ಯಾರಿಯರ್ ಇದ್ರ ಅದರ ಮುಂದಿನ ಅಂಚಿಗಿ ಒಂದ ತಗಡಿನ ತುಂಡು ಬೋಲ್ಟ್ ಮಾಡಿಸಿ ಸಾಮಾನಿಗಿಂತ ಮ್ಯಾಲ ಬರೋ ಹಂಗ ಕೂಡಸ್ರಿ.

ಫೈಬರ್ ಟಾಪ್, ತಾಡಪತ್ರಿ ಟಾಪ್ ಇದ್ದವ್ರಿಗೆ

ಫೈಬರ್ ಟಾಪ್ ಒಳಗಿಂದನ ಕೂಡಸಬಹುದು ಅನ್ನೋದು ನಿಮ್ಮ ಪುಣ್ಯಾರಿ, ಸಿಗ್ನಲ್ ಆರಾಮ ಇಳೀತೈತಿ, ಕಳವಿಲ್ಲ, ಮಣ್ಣಿಲ್ಲ, ತೂತಿಲ್ಲ. ಗ್ಯಾರೇಜಿನ್ಯಾಗ ಒಂದ ಎಂಎಂ ಜಿಐ ಶೀಟು 10 ಸೆಂಟಿಮೀಟರ್ ಚೌಕ ಕಡಿಸ್ರಿ, ಮೂಲಿ ಉಜ್ಜಿಸ್ರಿ ಇಲ್ಲಾಂದ್ರ ತಲಿಗಿ ಬಡೀತೈತಿ. ಟಾಪ್ ಒಳಮೈಗೆ ಆಂಟೆನಾದ ಮೊಕ ಮ್ಯಾಲ ಮಾಡಿ, ಅದರ ಅಡಿಯಾಗ ಈ ತಗಡ, ತಗಡಿನ ಎರಡೂ ಬಾಜೂಕ ಕ್ಲಿಪ್ ಹಾಕಿ ಟಾಪಿಗಿ ಹಿಡಸ್ರಿ. ತಗಡ ಆಂಟೆನಾದ ಕೆಳಗ ಬರ್ಬೇಕು, ಮ್ಯಾಲಲ್ಲ. ಇದನ್ನ ಉಲ್ಟಾ ಮಾಡಿದವ್ರನ್ನ ನೋಡೀನಿ, ಅದಕ್ಕ ಹೇಳಾಕತ್ತೀನಿ.

ತಾಡಪತ್ರಿ ಟಾಪಿಗಿ ರೋಲ್ ಬಾರ್, ಅಂದ್ರ ಗಾಡಿ ಪಲ್ಟಿ ಆದ್ರ ತಲಿ ಕಾಯೋ ಪೈಪಿನ ಚೌಕಟ್ಟು ಐತಲ್ಲ, ಅದರ ಅಡ್ಡ ಪೈಪಿನ ಮ್ಯಾಲ ಅದ ತಗಡಿನ ತುಂಡು ಕ್ಲಾಂಪ್ ಮಾಡ್ರಿ, ಪೈಪಿನ ಮ್ಯಾಲ ಬರೋ ಹಂಗ. ತಾಡಪತ್ರಿ ಮಳ್ಯಾಗ ತೊಯ್ದ ಜೋತು ಬಿದ್ದು ನೀರು ನಿಂತ್ರ ಸಿಗ್ನಲ್ ಇಳೀತೈತಿ, ಬಿಗಿ ಕಟ್ಟಿದ್ರ ಅಷ್ಟೇನ ಫರಕ್ ಬೀಳಂಗಿಲ್ಲ.

ವೈರ್ ಇಳಸಾಕ ಟಾಪಿಗಿ ತೂತ ಕೊರಿಯೋದಕ್ಕ ಮೊದಲ ಒಂದ ವಾರ ಟೇಪ್ ಹಚ್ಚಿ ಓಡ್ಯಾಡ್ರಿ

ಇದನ್ನ ಯಾರೂ ಮಾಡಂಗಿಲ್ಲ, ಆದ್ರ ಪೂರಾ ಕೆಲ್ಸದಾಗ ಇದ ಮುಖ್ಯ. ಆಂಟೆನಾ ಮನಸ್ಸಿಗಿ ಬಂದ ಜಾಗದಾಗ ಮ್ಯಾಗ್ನೆಟ್ ಮ್ಯಾಲ ಬಿಡ್ರಿ, ಮ್ಯಾಲ ಇನ್ಸುಲೇಶನ್ ಟೇಪಿನ ಎರಡ ಪಟ್ಟಿ, ವೈರ್ ಬಾಗಲದ ರಬ್ಬರಿನಾಗಿಂದ ಒಳಗ ತಗೋರಿ. ಆಂಡ್ರಾಯ್ಡ್ ಸ್ಟೀರಿಯೋ ಇದ್ರ ಜಿಪಿಎಸ್‌ಟೆಸ್ಟ್ ಅನ್ನೋ ಪುಕ್ಕಟ ಆ್ಯಪ್ ಹಾಕ್ಕೋರಿ. ಅದರಾಗ ಒಂದೊಂದ ಉಪಗ್ರಹದ ಮುಂದ ಒಂದ ನಂಬರ್ ಬರ್ತೈತಿ, ಸಿಗ್ನಲ್ ಎಷ್ಟ ಗಟ್ಟಿ ಐತಿ ಅನ್ನೋದು, ಡಿಬಿ ಹರ್ಟ್ಸ್ ಲೆಕ್ಕದಾಗ. 40 ದಾಟಿದ್ರ ಛಲೋ, 30ರಿಂದ 35 ನಡೀತೈತಿ, 25ರ ಕೆಳಗ ಇದ್ರ ಇದ್ದೂ ಇಲ್ಲದಂಗ. ನಂದು ಡ್ಯಾಶ್‌ಬೋರ್ಡ್ ಒಳಗ ಬಿದ್ದಾಗ 22, 24 ತೋರಸ್ತಿತ್ತು, ಅದ ಆಂಟೆನಾ ಟಾಪ್ ಮ್ಯಾಲ ಇಟ್ಟ ಮ್ಯಾಲ ನೆತ್ತಿ ಮ್ಯಾಲಿನ ಉಪಗ್ರಹ 43, 44ಕ್ಕ ಬಂದ್ವು. ಎಷ್ಟ ಉಪಗ್ರಹ ಅದಾವ ಅನ್ನೋದು ನೋಡಬ್ಯಾಡ್ರಿ, ಈ ನಂಬರ್ ನೋಡ್ರಿ.

ಮೊದಲ ಸಲ ಬಯಲಾಗ ಗಾಡಿ ನಿಲ್ಲಿಸಿ ಹದಿನೈದ ನಿಮಿಷ ಸುಮ್ನ ಬಿಡ್ರಿ, ಒಂದ ಪ್ಲೇಟ್ ಗಿರಮಿಟ್ಟು ತಿಂದು ಬರ್ರಿ. ಪ್ರತಿ ಉಪಗ್ರಹ ತನ್ನ ದಾರಿ ಲೆಕ್ಕಾನ 30 ಸೆಕೆಂಡಿಗೊಮ್ಮೆ ಹೇಳ್ತೈತಿ, ಎಲ್ಲಾ ಉಪಗ್ರಹಗಳ ಒಟ್ಟು ಪಂಚಾಂಗ ಪೂರಾ ಇಳಿಯಾಕ ಹನ್ನೆರಡೂವರಿ ನಿಮಿಷ ಬೇಕು. ಹೊಸಾ ಆಂಟೆನಾ ಹಚ್ಚಿದ ಕೂಡ್ಲೆ ಸಿಗಲಿಲ್ಲ ಅಂತ ಬೈದು ಬಿಚ್ಚಿದವ್ರು ಭಾಳ ಮಂದಿ ಅದಾರ.

ಆಮ್ಯಾಲ ಮೂರು ಥರದ ಜಾಗದಾಗ ನೋಡ್ರಿ: ಬಯಲು ಹೊಲ, ಗಿಡದ ಕೆಳಗ, ಎತ್ತರದ ಕಟ್ಟಡದ ಬಾಜೂಕ. ಧಾರವಾಡದವ್ರಿಗೆ ಗಿಡಕ್ಕ ಬರಗಾಲಿಲ್ಲ. ಗದಗಿನವ್ರು ಗುಡ್ಡದ ಬುಡ ಬೇಕಂದ್ರ ಕಪ್ಪತಗುಡ್ಡದ ಬಾಜೂಕ ಹೋಗೋ ಡಾಂಬರ ರೋಡಿನ್ಯಾಗ ನೋಡ್ರಿ ಸಾಕು, ಅದು ವನ್ಯಜೀವಿಧಾಮ, ಒಳಗ ಗಾಡಿ ನುಗ್ಗಸಾಕ ಹೋಗಬ್ಯಾಡ್ರಿ. ಹೋಗಿ ಬಂದ ದಾರಿ ರೆಕಾರ್ಡ್ ಮಾಡಿ ಮ್ಯಾಪ್ ಮ್ಯಾಲ ಇಟ್ಟು ನೋಡಿ, ಹೋದ ಗೆರಿ ಬಂದ ಗೆರಿ ನಡುವ ಅಂತರ ಐದಾರ ಮೀಟರ್ ಒಳಗ ಇದ್ರ ಜಾಗ ಪಾಸು.

ವೈರಿನ ದಾರಿ

ಆಂಟೆನಾದಿಂದ ವೈರ್ ಹಿಂದಕ್ಕ ಹೊರಡ್ಲಿ, ಮುಂದಕ್ಕಲ್ಲ. ನಮ್ಮ ಕಡೆ ಹಳ್ಳಿ ದಾರಿ ಎರಡೂ ಬಾಜೂಕ ಬಳ್ಳಾರಿ ಜಾಲಿ ಬಾಗಿರ್ತೈತಿ, ಅದರ ಟೊಂಗಿ ಟಾಪ್ ಮ್ಯಾಲ ಮುಂದಿಂದ ಹಿಂದಕ್ಕ ಸವರ್ಕೊಂತ ಹೋಗ್ತೈತಿ, ಮುಂದ ವೈರಿನ ಕುಣಿಕಿ ಇದ್ರ ಮುಳ್ಳು ಅದರಾಗ ಸಿಕ್ಕಿ ಆಂಟೆನಾ ಎಳಕೊಂಡ ಹೋಗ್ತೈತಿ. ರಾಣೇಬೆನ್ನೂರ ಹತ್ತಿರ ನನ್ನ ಮೊದಲಿನ ಆಂಟೆನಾ ಹಿಂಗ ಹೋತು, ಅರ್ಧ ತಾಸು ಹಿಂದ ನಡಕೊಂಡ ಹೋಗಿ ಹುಡುಕಿದ್ವಿ, ಡಬ್ಬಿ ಸಿಕ್ತು, ವೈರ್ ಬುಡಕ್ಕ ಹರದಿತ್ತು. ಈಗ ವೈರನ್ನ ಟಾಪ್ ಮೈಗೆ ಗೇಣಿಗೊಂದ ಫೋಮ್ ಟೇಪ್ ಹಚ್ಚಿ ಒತ್ತಿ ಬಿಟ್ಟೀನಿ, ಡಬ್ಬಿ ಹಂತ್ಯಾಕ ಮಾತ್ರ ಒಂದ ಇಂಚ ಸಡಲ ಐತಿ, ಟೊಂಗಿ ಬಡದ್ರ ಡಬ್ಬಿ ಸರೀತೈತಿ, ವೈರಿಗಿ ಜಗ್ಗಾಟ ಬರಂಗಿಲ್ಲ.

ಬಾಗಲದ ರಬ್ಬರಿನಾಗಿಂದ ಒಳಗ ತಗೊಳ್ಳೋದಾದ್ರ ಬಾಗಲ ಹಾಕಿದಾಗ ಲೋಹಕ್ಕ ಲೋಹ ಒತ್ತೋ ಕಡೆ ಬ್ಯಾಡ, ವೈರ್ ಒಳಗಿನ ಜಾಳಗಿ ಚಪ್ಪಟಿ ಆದ್ರ ಹೊರಗ ಏನೂ ಕಾಣಂಗಿಲ್ಲ, ಸಿಗ್ನಲ್ ಮಾತ್ರ ಇಳೀತೈತಿ. ರಬ್ಬರ್ ದಪ್ಪ ಇದ್ದ ಕಡೆ ದಾಟಸ್ರಿ. ದಾಟಸೋಕಿಂತ ಮೊದಲ ಹೊರಗ ವೈರ್ ಒಂದ ಸಲ ಕೆಳಗ ಇಳದು ಮತ್ತ ಮ್ಯಾಲೇರಿ ಒಳಗ ಹೋಗ್ಲಿ, ಆಗ ಮಳಿ ನೀರು ಕೆಳಗಿನ ಬಾಗಿನ್ಯಾಗ ತೊಟ್ಟಿಕ್ಕಿ ಹೊರಗ ಬೀಳ್ತೈತಿ. ಇಲ್ಲಾಂದ್ರ ವೈರ್ ಹಿಡಕೊಂಡ ಸೀದಾ ಒಳಗ ಬಂದು ಫ್ಯೂಸ್ ಬಾಕ್ಸಿನ್ಯಾಗ ಕೂಡತೈತಿ.

ಮುಂದಿನ ಕಂಬದ ಪ್ಲಾಸ್ಟಿಕ್ ಬಿಚ್ಚಿ ವೈರ್ ಇಳಸೋವಾಗ ಅದರ ಮ್ಯಾಲ ಏರ್‌ಬ್ಯಾಗ್ ಅಂತ ಬರದೈತೇನ ನೋಡ್ರಿ. ಹಂಗ ಬರದೈತಿ ಅಂದ್ರ ವೈರ್ ಏರ್‌ಬ್ಯಾಗಿನ ಹಿಂದಿಂದ ಹೋಗ್ಬೇಕು, ಎದುರಿಗಿ ಅಡ್ಡ ಹೋಗಬಾರ್ದು. ಗೊತ್ತಾಗಲಿಲ್ಲಂದ್ರ ಅದನ್ನ ಮುಟ್ಟಬ್ಯಾಡ್ರಿ, ಕೆಳಗ ಫುಟ್‌ಮ್ಯಾಟ್ ಬಾಜೂಕಿಂದ ತಗೋರಿ.

ಹೆಚ್ಚಾದ ವೈರ್ ಕತ್ತರಸಬ್ಯಾಡ್ರಿ. ಡಬ್ಬಿ ಒಳಗನ ಸಿಗ್ನಲ್ ದೊಡ್ಡದು ಮಾಡೋ ಸಣ್ಣ ಸರ್ಕ್ಯೂಟ್ ಇರ್ತೈತಿ, ಹಿಂಗಾಗಿ ಎರಡ ಮೀಟರ್ ಹೆಚ್ಚಿದ್ರ ಏನೂ ಹೋಗಂಗಿಲ್ಲ, ಆದ್ರ ಕಡದು ಕೈಯಿಂದ ಸೋಲ್ಡರ್ ಮಾಡಿದ ಜಾಯಿಂಟ್ ಇದ್ದದ್ದನ್ನೂ ಕೆಡಸ್ತೈತಿ. ಅಂಗೈ ಅಗಲದ ಸುರುಳಿ ಮಾಡಿ ಗ್ಲೋವ್‌ಬಾಕ್ಸ್ ಹಿಂದ ಇಡ್ರಿ, ಸ್ಟೀರಿಯೋ ಹಿಂದಲ್ಲ.

ತೂತ ಬೇಕಂದ್ರ

ನಾ ನನ್ನ ಗಾಡಿಗಿ ಕೊರೀಲಿಲ್ಲ, ಕೊರದವ್ರಿಗೆ ಕೈ ಜೋಡಿಸೀನಿ. ಒಳಗಿನ ಲೈನಿಂಗ್ ಮೊದಲ ಇಳಸ್ಬೇಕು, ಟಾಪಿನ ಅಡ್ಡ ಪಟ್ಟಿ ಎಲ್ಲೆ ಅದಾವ ನೋಡ್ಬೇಕು, ಅದರ ಮ್ಯಾಲ ಕೊರೀಬಾರ್ದು. ಸ್ಟೆಪ್ ಬಿಟ್‌ನಿಂದ ಕೊರದು, ಅಂಚು ಅರದಿಂದ ಉಜ್ಜಿ, ಬರೇ ಆದ ಲೋಹಕ್ಕ ಪ್ರೈಮರ್, ಅದರ ಮ್ಯಾಲ ಪೇಂಟು ಒಣಗಿದ ಮ್ಯಾಲ ರಬ್ಬರ್ ಗ್ಲ್ಯಾಂಡ್, ಅಂದ್ರ ತೂತಿನ್ಯಾಗ ವೈರ್ ಸುತ್ತ ಬಿಗಿ ಕೂಡೋ ರಬ್ಬರ್ ಬಿರಡಿ. ಸಿಲಿಕಾನ್ ಹಚ್ಚೋವಾಗ ಮೂಸಿ ನೋಡ್ರಿ, ಹುಳಿ ವಿನೆಗರ್ ವಾಸ್ನಿ ಬಂದ್ರ ಅದು ಬಾತ್‌ರೂಮಿಂದು, ಒಣಗೋವಾಗ ಬಿಡೋ ಆಸಿಡ್ ಕಬ್ಬಿಣ ತಿಂತೈತಿ. ನ್ಯೂಟ್ರಲ್ ಅಂತ ಬರದಿದ್ದು ಕೇಳಿ ತಗೋರಿ.

ಎಲ್ಲಾ ಸರಿ ಹಚ್ಚಿದ್ರೂ ಬರಾಂಗಿಲ್ಲ ಅಂದ್ರ

ಮಲ್ಟಿಮೀಟರ್ ತಗೊಂಡು ಆಂಟೆನಾ ಬಿಚ್ಚಿ ಸ್ಟೀರಿಯೋ ಕಡಿನ ಸಾಕೆಟ್ಟಿನ್ಯಾಗ ನಡುವಿನ ಪಿನ್ನು, ಹೊರಗಿನ ಬಳಿ ನಡುವ ವೋಲ್ಟೇಜ್ ನೋಡ್ರಿ. 3ರಿಂದ 5 ವೋಲ್ಟ್ ಬರ್ಬೇಕು, ಆಂಟೆನಾ ಒಳಗಿನ ಸರ್ಕ್ಯೂಟಿಗಿ ಕರೆಂಟ್ ಇದ ವೈರಿನ್ಯಾಗಿಂದನ ಹೋಗ್ತೈತಿ. ಸೊನ್ನಿ ಬಂದ್ರ ದೋಷ ಸ್ಟೀರಿಯೋದ್ದು. ಬಿಚ್ಚಿದಾಗ 5 ಇದ್ದು ಹಚ್ಚಿದ ಕೂಡ್ಲೆ ಸೊನ್ನಿಗಿ ಬಿದ್ರ ವೈರ್ ಎಲ್ಲೋ ಒಳಗ ಶಾರ್ಟ್ ಆಗೈತಿ, ಬಾಗಲದಾಗ ಒತ್ತಿದ್ದ ಜಾಗ ಮೊದಲ ನೋಡ್ರಿ.

ವೋಲ್ಟೇಜ್ ಸರಿ ಐತಿ, ನಂಬರ್ ಒಮ್ಮೊಮ್ಮೆ ಬೀಳ್ತೈತಿ ಅಂದ್ರ ಗದ್ದಲದ ಕೆಲ್ಸ. ಆ್ಯಪ್ ತೆರದಿಟ್ಟು ಒಂದೊಂದ ಆಫ್ ಮಾಡ್ಕೊಂತ ಬರ್ರಿ: ಡ್ಯಾಶ್‌ಕ್ಯಾಮ್, ಯುಎಸ್‌ಬಿ ಚಾರ್ಜರ್, ಎಲ್‌ಇಡಿ ಬಾರ್. ಹತ್ತರಾಗ ಎಂಟ ಸಲ ನನಗ ಸಿಕ್ಕಿದ್ದು ಸೋವಿ ಡ್ಯಾಶ್‌ಕ್ಯಾಮ್, ಅದರ ವೈರು ಆಂಟೆನಾ ವೈರು ಒಂದ ಕಂಬದಾಗ ಜೋಡಿ ಇಳದಿದ್ವು, ಒಂದನ್ನ ಬಲಕ್ಕ ಒಂದನ್ನ ಎಡಕ್ಕ ಮಾಡಿದ ಮ್ಯಾಲ ನಂಬರ್ ಆರೇಳು ಏರಿತು. ಹ್ಯಾಮ್ ರೇಡಿಯೋ ಇದ್ದವ್ರು ಅದರ ಆಂಟೆನಾದಿಂದ ಟಾಪ್ ಎಷ್ಟ ಬಿಡ್ತೈತೋ ಅಷ್ಟ ದೂರ ಇಡ್ರಿ. ಎರಡ ಜಿಪಿಎಸ್ ಆಂಟೆನಾ ಇದ್ರ ನಡುವ ಒಂದ ಗೇಣಾದ್ರೂ ಇರ್ಲಿ.

ಟ್ರ್ಯಾಕ್ಟರಿಗಿ ಕೂಡಸೋವ್ರಿಗೆ ಒಂದ ಮಾತು, ಅಲ್ಲೆ ಲೆಕ್ಕ ಬ್ಯಾರೆ. ಸಾಲು ಹಿಡಿಸೋ ಸೆಂಟಿಮೀಟರ್ ಲೆಕ್ಕದ ಸಾಧನ ಇದ್ರ ಆಂಟೆನಾ ನಡುಗೆರಿ ಬಿಟ್ಟು ಒಂದ ಬಟ್ಟು ಸರಿದ್ರೂ ಸಾಲು ಅಷ್ಟ ಸರೀತೈತಿ, ಎಷ್ಟ ಮುಂದ, ಎಷ್ಟ ಎತ್ತರ ಅಂತ ಟೇಪ್ ಹಿಡದು ಅಳದು ಯಂತ್ರದಾಗ ತುಂಬಬೇಕು. ಎರಡ ಮೀಟರ್ ಎತ್ತರದ ಟಾಪ್ ಮ್ಯಾಲ ಆಂಟೆನಾ ಇದ್ದು ಬದುವಿನ ಮ್ಯಾಲ ಗಾಡಿ 10 ಡಿಗ್ರಿ ವಾಲಿದ್ರ ಆಂಟೆನಾ ನೆಲದ ಲೆಕ್ಕದಾಗ 35 ಸೆಂಟಿಮೀಟರ್ ಬಾಜೂಕ ಹೋಗಿರ್ತೈತಿ, ವಾಲಿಕಿ ಅಳಿಯೋ ಸೆನ್ಸರ್ ಇಲ್ಲಾಂದ್ರ ಮೆಣಸಿನಕಾಯಿ ಸಾಲು ಹಾವಿನಂಗ ಹೋಗ್ತೈತಿ. ಮ್ಯಾಪ್ ನೋಡ್ಕೊಂಡು ಹೋಗೋ ನಮ್ಮಂಥಾವ್ರಿಗೆ ಈ 35 ಸೆಂಟಿಮೀಟರ್ ಯಾವ ಲೆಕ್ಕಕ್ಕೂ ಇಲ್ಲ.

ಹಚ್ಚಿ ಬಿಟ್ಟ ಮ್ಯಾಲ ತಿಂಗಳಿಗೊಮ್ಮೆ ಡಬ್ಬಿ ಎತ್ತಿ ಕೆಳಗ ಒರಸ್ರಿ. ಮಣ್ಣಿನ್ಯಾಗಿನ ಕರೇ ಕಬ್ಬಿಣದ ಹುಡಿ ಮ್ಯಾಗ್ನೆಟ್ಟಿಗಿ ಮೀಸಿ ಹಂಗ ಹತ್ತಿರ್ತೈತಿ, ಗಾಡಿ ಕುಲುಕಿದಂಗ ಅದು ಪಾಲಿಶ್ ಪೇಪರ್ ಹಂಗ ಪೇಂಟ್ ತಿಂತೈತಿ. ನನ್ನ ಬೊಲೆರೊ ಟಾಪ್ ಮ್ಯಾಲ ಚೌಕ ಕಲಿ ಬಿದ್ದೈತಿ, ಈಗ ಡಬ್ಬಿ ಅಡಿಗಿ ತೆಳ್ಳನ ಪಾರದರ್ಶಕ ಸ್ಟಿಕರ್ ಹಚ್ಚೀನಿ, ಮೂರು ತಿಂಗಳಿಗೊಮ್ಮೆ ಬದ್ಲಿ ಮಾಡ್ತೀನಿ. ಗಾಡಿ ತೊಳಿಯಾಕ ಕೊಡೋವಾಗ "ತಮ್ಮಾ, ಅದರ ಮ್ಯಾಲ ಪ್ರೆಷರ್ ಹೊಡೀಬ್ಯಾಡ" ಅಂತ ಬಾಯಿಬಿಟ್ಟು ಹೇಳ್ರಿ, ಇಲ್ಲಾಂದ್ರ ಅಂವ ಮೊದಲ ಅದಕ್ಕನ ಹೊಡೀತಾನ.